ಕಿವಿ ಮಂದವಾದರೆ ಅದು ಕರ್ಮಫಲವೇ?

ತೊರವೆ ರಾಮಾಯಣ ಕಣ್ಣಿನಿಂದ ಓದಿಸಿಕೊಂಡೇ ಉಳಿದ ಕಾವ್ಯವಲ್ಲ. ಒಬ್ಬರು ಷಟ್ಪದಿಯನ್ನು ರಾಗವಾಗಿ ವಾಚಿಸಿ, ಇನ್ನೊಬ್ಬರು ಅರ್ಥ ಹೇಳಿ, ಊರು ಕೂತು ಕೇಳಿದ್ದರಿಂದ ಉಳಿಯಿತು. ಆ ಕಾವ್ಯ ಹುಟ್ಟಿದ, ವಿಜಯಪುರದ ಹತ್ತಿರದ ತೊರವಿಯ ಮಗ್ಗುಲಲ್ಲೇ ಸಂಗೀತಪ್ರೇಮಿ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ ನವರಸಪುರವೆಂಬ ನಗರ ಕಟ್ಟಿಸಲು ಹೊರಟ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಸಾವಿರಾರು ಜನ ಸೇರುತ್ತಿದ್ದರು. ನವವಿಧ ಭಕ್ತಿಯಲ್ಲೂ ಶ್ರವಣವೇ ಮೊದಲು. ಇಂಥ ನಾಡಿನಲ್ಲಿ ಕಿವಿ ಮಂದವಾದವರು ಅದನ್ನು ಮುಚ್ಚಿಟ್ಟು, ಪ್ರವಚನದಲ್ಲಿ ಕೇಳದ ಮಾತಿಗೂ ತಲೆದೂಗುವುದು ಯಾಕೆ? ಈ ನಾಚಿಕೆಗೆ ಹಳೆಯ ಬೇರಿದೆ. ಹುಟ್ಟುಕಿವುಡರಿಗೆ ಆಸ್ತಿಯಲ್ಲಿ ಪಾಲಿಲ್ಲವೆಂದು ಮನುಸ್ಮೃತಿ ಹೇಳಿತ್ತು; ಅಂಥ ನಿಷೇಧವನ್ನು ತೆಗೆಯಲು 1928ರಲ್ಲಿ ಕಾಯಿದೆಯೇ ಬರಬೇಕಾಯಿತು. ಕಾಯಿದೆ ಪಾಲು ಕೊಡಿಸಿತು, ಹಿಂದಿನ ಜನ್ಮದ ಪಾಪವೆಂಬ ಪಿಸುಮಾತನ್ನು ಅಳಿಸಲಿಲ್ಲ.

ಕರ್ಮವೆಂದೇ ಒಪ್ಪೋಣ. ಆದರೂ ಚಿಕಿತ್ಸೆ ಬೇಡವೆಂದು ಆ ಸಿದ್ಧಾಂತ ಎಲ್ಲಿ ಹೇಳುತ್ತದೆ? ಕಣ್ಣಿಗೆ ಪೊರೆ ಬಂದರೆ ಕರ್ಮವೆನ್ನುವ ಮನೆಯವರೇ ಆಪರೇಷನ್ ಮಾಡಿಸುತ್ತಾರೆ, ಚಷ್ಮಾ ಹಾಕಿಸುತ್ತಾರೆ. ಅಲ್ಲಿ ಯಾರೂ ಪೂರ್ವಜನ್ಮ ಕೆದಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ನೆರವು ಬೇಕಾಗುವಷ್ಟು ಶ್ರವಣದೋಷ ಇರುವವರು ಜಗತ್ತಿನಲ್ಲಿ ಸುಮಾರು 43 ಕೋಟಿ. ವಯಸ್ಸು, ಗದ್ದಲ, ಸೋಂಕು ಇವೆಲ್ಲ ಒಳಗಿವಿಯ ಸೂಕ್ಷ್ಮ ರೋಮಕೋಶಗಳನ್ನು ಕೊಲ್ಲುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಜಾರುವುದು ಎತ್ತರದ ಸ್ವರ. ಆದ್ದರಿಂದಲೇ ಸ, ಶ, ತ ಮಸುಕಾಗಿ, ದನಿ ಕೇಳಿದರೂ ಮಾತು ತಿಳಿಯದು. ಸುತ್ತಲಿನವರು ಇದನ್ನು ಮಂದಬುದ್ಧಿ ಎಂದುಕೊಳ್ಳುವುದು ಕ್ರೂರ ಅನ್ಯಾಯ.

ಇಂದ್ರಿಯಗಳು ಹಿಂದೆ ಸರಿಯುವುದೇ ವೈರಾಗ್ಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೈಯಲ್ಲಿದ್ದುದನ್ನು ತಾನಾಗಿ ಬಿಡುವುದು ವೈರಾಗ್ಯ. ಕಳೆದುಕೊಂಡದ್ದನ್ನು ಹೇಳಲು ಹೆದರಿ ಮೂಲೆ ಸೇರುವುದು ಏಕಾಂತವೂ ಅಲ್ಲ, ಬರೀ ಒಂಟಿತನ. ಕಿವಿಗೆ ಕೇಳುವ ಮಿಷನ್ ಹಾಕಿಕೊಂಡರೂ ಮೊದಲಿನ ಕಿವಿ ಬರುವುದಿಲ್ಲ ಎಂಬ ಆಕ್ಷೇಪ ಮಾತ್ರ ನಿಜ. ಗದ್ದಲವೂ ದೊಡ್ಡದಾಗಿ ಕೇಳುತ್ತದೆ, ಮಿದುಳಿಗೆ ಒಗ್ಗಲು ವಾರಗಳು ಬೇಕು. ಹಾಗೆಂದೇ ಅಂಗಡಿಯಿಂದ ತಂದು ಸಿಕ್ಕಿಸಿಕೊಳ್ಳುವ ಬದಲು ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆ ತೆಗೆದರೆ ಸಾಕಾಗುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ. ಸನ್ನೆ ಭಾಷೆಯಲ್ಲೇ ಬದುಕು ಕಟ್ಟಿಕೊಂಡವರು ತಮ್ಮದು ಕೊರತೆಯೇ ಅಲ್ಲ ಎಂದರೆ ಅದೂ ಸರಿ. ನಾಚಿಕೆ ಅವರಿಗೂ ಬೇಡದ್ದೇ. ಮಠ, ಗುಡಿಗಳಲ್ಲಿ ಪ್ರವಚನ ನಡೆಸುವವರು ಕಿವಿ ಮಂದವಾದವರಿಗೆ ಮುಂದಿನ ಸಾಲು ಬಿಡಿಸಲಿ, ಮಾತಾಡುವವರ ಮುಖಕ್ಕೆ ಬೆಳಕು ಬೀಳುವಂತೆ ನೋಡಿಕೊಳ್ಳಲಿ, ಕಿವಿ ತೋರಿಸಿಕೊಳ್ಳಿ ಎಂಬ ಮಾತನ್ನು ಅದೇ ಮೈಕಿನಲ್ಲಿ ಹೇಳಲಿ.