ಸಭೆಯಲ್ಲಿ ಸುಮ್ಮನಿದ್ದವರ ಪಾಲು

ಒಬ್ಬನೇ ಇರುವಾಗ ಮಾಡಲು ನಾಚುವ ಕೆಲಸವನ್ನು ಮನುಷ್ಯನು ಹತ್ತು ಜನರ ನಡುವೆ ನಿಸ್ಸಂಕೋಚವಾಗಿ ಮಾಡುತ್ತಾನೆ. ಹಾಗೆಯೇ ಒಬ್ಬನೇ ಇರುವಾಗ ಆಲಸ್ಯದಿಂದ ಬಿಟ್ಟುಬಿಡುವ ಸತ್ಕರ್ಮವನ್ನು ಹತ್ತು ಜನರ ನಡುವೆ ಉತ್ಸಾಹದಿಂದ ಮಾಡುತ್ತಾನೆ. ಹಾಗಾದರೆ ಅವನ ನಿಜವಾದ ಶೀಲವು ಯಾವುದು? ಗುಂಪಿನಲ್ಲಿದ್ದು ಮಾಡಿದ, ಅಥವಾ ಮಾಡದೆ ಬಿಟ್ಟ, ಕರ್ಮದ ಹೊಣೆಯು ಅವನದೋ ಗುಂಪಿನದೋ? ಇದು ಪಂಡಿತರ ವಾದಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಹುಟ್ಟೂರನ್ನು ಬಿಟ್ಟು ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ನಮ್ಮಂಥವರು ದಿನವೂ ಎದುರಿಸಬೇಕಾದ ಪ್ರಶ್ನೆಯಿದು.

ಊರಿನಲ್ಲಿ ಏಕಾದಶಿಯ ಉಪವಾಸವು ಕಷ್ಟವೆಂದು ಯಾರಿಗೂ ತೋರುತ್ತಿರಲಿಲ್ಲ. ಇಡೀ ಬೀದಿಯೇ ಉಪವಾಸವಿರುವಾಗ ಉಣ್ಣುವುದೇ ಕಷ್ಟ. ಇಲ್ಲಿ ಕಚೇರಿಯ ಕ್ಯಾಂಟೀನಿನಲ್ಲಿ ಯಾರೂ ಕೇಳುವವರಿಲ್ಲ, ಯಾರೂ ನೋಡುವವರಿಲ್ಲ. ಊರಿನಲ್ಲಿ ತಪ್ಪದೆ ನಡೆಸಿದವರು ಇಲ್ಲಿ ಎರಡೇ ವರ್ಷಗಳಲ್ಲಿ ಬಿಟ್ಟಿದ್ದಾರೆ. ಊರಿನಲ್ಲಿ ಉದಾಸೀನರಾಗಿದ್ದವರು ಇಲ್ಲಿಗೆ ಬಂದ ಮೇಲೆ ಹಿಡಿದುಕೊಂಡಿದ್ದೂ ಉಂಟು. ಊರಿನಲ್ಲಿ ಆಚಾರವನ್ನು ನಡೆಸುತ್ತಿದ್ದುದು ನಾವೋ, ನಮ್ಮ ಬೀದಿಯೋ ಎಂಬುದು ಬೀದಿಯನ್ನು ಬಿಟ್ಟು ಬಂದ ಮೇಲೆ ತಿಳಿಯುತ್ತದೆ.

ಸಂಸ್ಕೃತದಲ್ಲಿ ‘ಸಂಗ’ ಎಂಬ ಶಬ್ದಕ್ಕೆ ಸಹವಾಸವೆಂದೂ ಆಸಕ್ತಿಯೆಂದೂ ಎರಡು ಅರ್ಥಗಳಿವೆ. ಅಂಟಿಕೊಳ್ಳುವುದೆಂಬ ಅರ್ಥದ ಧಾತುವಿನಿಂದ ಈ ಶಬ್ದ ಬಂದಿದೆ. ಯಾರ ಜೊತೆಗಿರುತ್ತೇವೆಯೋ ಅವರು ಬೇಕೆನ್ನುವುದು ನಮಗೂ ಬೇಕೆನಿಸತೊಡಗುತ್ತದೆ; ಅವರು ಹೇಸುವುದಕ್ಕೆ ನಾವೂ ಹೇಸತೊಡಗುತ್ತೇವೆ. ಈ ಅಂಟುವಿಕೆ ನಮ್ಮ ಅರಿವಿಗೆ ಬಾರದಂತೆಯೇ ನಡೆಯುತ್ತದೆ ಎಂಬುದರಲ್ಲಿಯೇ ಅದರ ಬಲವೂ ಅಪಾಯವೂ ಇವೆ.

ಇದಕ್ಕೆ ಮಹಾಭಾರತದ ದ್ಯೂತಸಭೆಗಿಂತ ಸ್ಪಷ್ಟವಾದ ದೃಷ್ಟಾಂತವಿಲ್ಲ. ಪಾಂಡವರ ಇಂದ್ರಪ್ರಸ್ಥವೆಂದು ಪರಂಪರೆಯು ಗುರುತಿಸುವ ಪುರಾನಾ ಕಿಲಾ ನಮ್ಮ ನಗರದಲ್ಲಿಯೇ ಇದೆ. ಬಿ. ಬಿ. ಲಾಲ್ ಅವರು 1950ರಿಂದ 1952ರ ವರೆಗೆ ಉತ್ಖನನ ನಡೆಸಿದ ಹಸ್ತಿನಾಪುರವು ಪಕ್ಕದ ಮೀರತ್ ಜಿಲ್ಲೆಯಲ್ಲಿದೆ. ಆ ಸಭೆ ನಡೆದದ್ದು ಹಸ್ತಿನಾಪುರದಲ್ಲಿ.

ದುಷ್ಟರು ಆ ಸಭೆಯಲ್ಲಿ ನಾಲ್ವರು: ದುರ್ಯೋಧನ, ದುಶ್ಶಾಸನ, ಶಕುನಿ, ಕರ್ಣ. ಉಳಿದವರು ನೂರಾರು ಮಂದಿ. ಅವರು ಧರ್ಮವನ್ನು ಅರಿಯದವರಲ್ಲ. ಯುಧಿಷ್ಠಿರನು ದ್ರೌಪದಿಯನ್ನು ಪಣವಾಗಿ ಒಡ್ಡಿದಾಗ ಸಭೆಯ ವೃದ್ಧರ ಬಾಯಿಂದ ಧಿಕ್ಕಾರ ಹೊರಟಿತೆಂದೂ, ಭೀಷ್ಮ ದ್ರೋಣ ಕೃಪರು ಬೆವರಿದರೆಂದೂ, ವಿದುರನು ತಲೆಯನ್ನು ಹಿಡಿದುಕೊಂಡು ಕುಳಿತನೆಂದೂ ವ್ಯಾಸರು ಹೇಳುತ್ತಾರೆ. ನಡೆಯುತ್ತಿರುವುದು ಅಧರ್ಮವೆಂದು ಪ್ರತಿಯೊಬ್ಬನ ದೇಹವೇ ಸಾಕ್ಷಿ ಹೇಳುತ್ತಿತ್ತು. ಆದರೂ, ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವೆಲ್ಲಿಯದು ಎಂದು ದ್ರೌಪದಿ ಕೇಳಿದಾಗ, ಧರ್ಮವು ಸೂಕ್ಷ್ಮವಾದುದು, ಉತ್ತರಿಸಲಾರೆ ಎಂದನು ಭೀಷ್ಮ. ದುರ್ಯೋಧನನ ಭಯದಿಂದ ರಾಜರು ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಒಬ್ಬೊಬ್ಬನೂ ಮತ್ತೊಬ್ಬನ ಮುಖವನ್ನು ನೋಡಿರಬೇಕು. ಮತ್ತೊಬ್ಬನ ಮೌನವನ್ನು ಸಮ್ಮತಿಯೆಂದು ತಿಳಿದಿರಬೇಕು.

ಆಗ ಎದ್ದವನು ಧೃತರಾಷ್ಟ್ರನ ಮಕ್ಕಳಲ್ಲಿಯೇ ಒಬ್ಬನಾದ ವಿಕರ್ಣ. ಹಿರಿಯರೆಲ್ಲ ಸುಮ್ಮನಿರುವಾಗ ಅವನು ಕಾರಣಗಳನ್ನು ಒಂದೊಂದಾಗಿ ಎಣಿಸಿ, ದ್ರೌಪದಿ ಗೆಲ್ಲಲ್ಪಟ್ಟಿಲ್ಲವೆಂದು ಸಾರಿದನು. ಆಗ ನಡೆದುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಅದುವರೆಗೆ ಕಲ್ಲಿನಂತೆ ಕುಳಿತಿದ್ದ ಸಭಾಸದರು ವಿಕರ್ಣನನ್ನು ಹೊಗಳುತ್ತಾ, ಶಕುನಿಯನ್ನು ನಿಂದಿಸುತ್ತಾ ದೊಡ್ಡ ಗದ್ದಲವನ್ನೆಬ್ಬಿಸಿದರು! ಅಂದರೆ ಅಭಿಪ್ರಾಯವು ಅವರೆಲ್ಲರಲ್ಲಿ ಮೊದಲೇ ಇತ್ತು. ಇಲ್ಲದಿದ್ದುದು ಮೊದಲನೆಯ ಕಂಠ ಮಾತ್ರ. ಆದರೆ ಕರ್ಣನು ಸಿಟ್ಟಿನಿಂದ ಎದ್ದು, ನೀನು ಹುಡುಗ, ಹಿರಿಯರಂತೆ ಮಾತನಾಡುತ್ತೀಯೆ ಎಂದು ಗದರಿಸಿದನು. ಎರಡನೆಯ ಕಂಠವು ಏಳಲಿಲ್ಲ. ಸಭೆಯು ಪುನಃ ಮೌನಕ್ಕೆ ಮರಳಿತು.

ಇದೇ ಸಂಗತಿಯನ್ನು ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞನು 1950ರ ದಶಕದಲ್ಲಿ ಅಮೆರಿಕೆಯ ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಪ್ರಯೋಗದಿಂದ ತೋರಿಸಿದನು. ಒಂದು ಕಾರ್ಡಿನಲ್ಲಿ ಒಂದು ಗೆರೆ. ಇನ್ನೊಂದರಲ್ಲಿ ಮೂರು ಗೆರೆಗಳು. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮವೆಂದು ಹೇಳಬೇಕು. ಮಗುವೂ ಹೇಳಬಲ್ಲ ಉತ್ತರ. ಆದರೆ ಕೋಣೆಯಲ್ಲಿದ್ದವರ ಪೈಕಿ ಒಬ್ಬನನ್ನುಳಿದು ಮಿಕ್ಕವರಿಗೆಲ್ಲ ತಪ್ಪು ಉತ್ತರವನ್ನು ಹೇಳಬೇಕೆಂದು ಮೊದಲೇ ತಿಳಿಸಲಾಗಿತ್ತು. ಆ ಒಬ್ಬನು ತನ್ನ ಕಣ್ಣನ್ನು ನಂಬಿದನೇ, ಗುಂಪನ್ನು ನಂಬಿದನೇ? ಹೀಗೆ ಪರೀಕ್ಷೆಗೊಳಗಾದವರ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗುಂಪಿನ ತಪ್ಪನ್ನೇ ಒಪ್ಪಿದುವು. ನಾಲ್ವರಲ್ಲಿ ಮೂವರು ಒಂದು ಬಾರಿಯಾದರೂ ಮಣಿದರು. ಆದರೆ ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬನು ಸತ್ಯವನ್ನು ಹೇಳುವಂತೆ ಏರ್ಪಡಿಸಿದಾಗ ತಪ್ಪುಗಳು ಕಾಲು ಭಾಗಕ್ಕೆ ಇಳಿದುವು. ಆ ಜೊತೆಗಾರನು ನಡುವೆ ಗುಂಪಿನ ಕಡೆಗೆ ವಾಲಿದರೆ ತಪ್ಪುಗಳು ಮತ್ತೆ ಏರಿದುವು. ಒಂದು ಕಂಠದ ಬೆಲೆ ಇಷ್ಟು. ಆ ಕಂಠವು ಹಿಂಜರಿದಾಗ ಆಗುವ ಹಾನಿಯೂ ಇಷ್ಟು.

ಗೆರೆಗಳ ವಿಷಯದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಪ್ರಾಣಗಳ ವಿಷಯದಲ್ಲಿ ತಪ್ಪಿದರೆ? ಅದಕ್ಕೆ ಉತ್ತರವನ್ನು ನಮ್ಮ ಈ ನಗರವೇ 1984ರಲ್ಲಿ ಕಂಡಿತು. ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಅನಂತರದ ಮೂರು ದಿನಗಳಲ್ಲಿ ದೆಹಲಿಯಲ್ಲಿ ಸರ್ಕಾರಿ ಲೆಕ್ಕದ ಪ್ರಕಾರವೇ 2,733 ಸಿಖ್ಖರು ಕೊಲ್ಲಲ್ಪಟ್ಟರು. ಯಮುನೆಯಾಚೆಯ ತ್ರಿಲೋಕಪುರಿಯಂತಹ ಬಡಾವಣೆಗಳಲ್ಲಿ ಗಂಡಸರನ್ನು ಮನೆಗಳಿಂದ ಎಳೆದು ತಂದು ಸುಟ್ಟರು. ದೆಹಲಿಗೆ ಬರುತ್ತಿದ್ದ ರೈಲುಗಳಿಂದಲೂ ಸಿಖ್ ಪ್ರಯಾಣಿಕರನ್ನು ಹೊರಗೆಳೆದು ಕೊಂದರು. ರೈಲ್ವೆಯಲ್ಲಿ ದುಡಿದವರ ಮನಸ್ಸನ್ನು ಇದು ಇಂದಿಗೂ ಚುಚ್ಚುತ್ತದೆ. ಎರಡನೆಯ ದರ್ಜೆಯ ಸ್ಲೀಪರ್ ಬೋಗಿಯೊಂದರಲ್ಲಿ 72 ಬರ್ತುಗಳು. ಒಂದು ರಾತ್ರಿಯಿಡೀ ಊಟವನ್ನು ಹಂಚಿಕೊಂಡು ಬಂದ ಸಹಪ್ರಯಾಣಿಕನನ್ನು ಎಳೆದೊಯ್ಯುವಾಗ ಮಿಕ್ಕವರು ಏನು ಮಾಡಬೇಕಿತ್ತು?

ಇದರ ಇನ್ನೊಂದು ಮುಖವನ್ನೂ ನೆನೆಯಬೇಕು. ಲೇಖಕ ಅಮಿತಾವ ಘೋಷ್ ಅವರು ಹತ್ಯೆಯ ದಿನ ತಾವಿದ್ದ ಬಸ್ಸಿನ ಘಟನೆಯನ್ನು ಬರೆದಿದ್ದಾರೆ. ತುಂಬಿದ ಬಸ್ಸಿನಲ್ಲಿ ಒಬ್ಬ ಸಿಖ್ ಪ್ರಯಾಣಿಕನಿದ್ದನು. ಮುಂದೆ ಗುಂಪು ಕಾಣಿಸಿತು. ಒಬ್ಬ ಮಹಿಳೆಯು ಆತನಿಗೆ ಬಗ್ಗಿ ಅಡಗಿಕೊಳ್ಳುವಂತೆ ಹೇಳಿದರು. ಗುಂಪಿನವರು ಬಸ್ಸನ್ನು ತಡೆದು, ಸಿಖ್ಖರು ಇದ್ದಾರೆಯೇ ಎಂದು ಕೇಳಿದಾಗ ಚಾಲಕನು ಇಲ್ಲವೆಂದನು, ಪ್ರಯಾಣಿಕರೂ ಇಲ್ಲವೆಂದರು. ಪರಸ್ಪರ ಪರಿಚಯವಿಲ್ಲದವರು, ಮೊದಲೇ ಮಾತಾಡಿಕೊಂಡವರಲ್ಲ. ಒಬ್ಬರು ಮುಂದಾದರು, ಉಳಿದವರಿಗೆ ಧೈರ್ಯ ಬಂದಿತು, ಒಂದು ಪ್ರಾಣ ಉಳಿಯಿತು. ಅನೇಕ ಕಡೆ ನೆರೆಹೊರೆಯವರು ಸಿಖ್ ಕುಟುಂಬಗಳನ್ನು ತಮ್ಮ ಮನೆಯೊಳಗೆ ಅಡಗಿಸಿ ಕಾಪಾಡಿದರು. ನಗರವು ಒಂದೇ, ದಿನಗಳು ಅವೇ, ಭಯವೂ ಅದೇ. ಪರಿಸ್ಥಿತಿಯೇ ಎಲ್ಲವನ್ನೂ ನಿರ್ಧರಿಸುವುದಾದರೆ ಈ ವ್ಯತ್ಯಾಸ ಹೇಗೆ ಬಂತು?

ಇಲ್ಲಿ ಹೊಣೆಯ ಪ್ರಶ್ನೆಗೆ ಬರೋಣ. ದ್ಯೂತಸಭೆಯಲ್ಲಿ ವಿದುರನು ಹಳೆಯ ಕಥೆಯೊಂದನ್ನು ಹೇಳುತ್ತಾನೆ. ವಿರೋಚನ ಮತ್ತು ಸುಧನ್ವರ ವಿವಾದದಲ್ಲಿ ತೀರ್ಪು ಹೇಳಬೇಕಾದ ಪ್ರಹ್ಲಾದನು ಕಶ್ಯಪರನ್ನು ಕೇಳುತ್ತಾನೆ: ತಿಳಿದೂ ಉತ್ತರಿಸದಿದ್ದವನಿಗೆ ಏನು ಗತಿ? ಕಶ್ಯಪರು ಪಾಪದ ಲೆಕ್ಕವನ್ನು ಸ್ಪಷ್ಟವಾಗಿ ಹಂಚುತ್ತಾರೆ. ನಿಂದ್ಯವಾದುದನ್ನು ನಿಂದಿಸದ ಸಭೆಯಲ್ಲಿ ಪಾಪದ ಅರ್ಧ ಪಾಲು ಸಭೆಯ ಮುಖ್ಯನಿಗೆ, ಕಾಲು ಪಾಲು ಮಾಡಿದವನಿಗೆ, ಉಳಿದ ಕಾಲು ಪಾಲು ಸುಮ್ಮನೆ ಕುಳಿತ ಸಭಾಸದರಿಗೆ. ಸಭೆಯು ನಿಂದಿಸಿತೆಂದರೆ ಮುಖ್ಯನೂ ಸಭಾಸದರೂ ಮುಕ್ತರು, ಪಾಪವೆಲ್ಲವೂ ಮಾಡಿದವನದೇ.

ಈ ಲೆಕ್ಕವನ್ನು 1984ಕ್ಕೆ ಹಚ್ಚಿ ನೋಡಬಹುದು. ಮಾಡಿದವರ ಕಾಲು ಪಾಲಿಗೆ ಕೆಲವರಿಗಾದರೂ ಶಿಕ್ಷೆಯಾಯಿತು. ದಾಳಿಗಳು ತಾವಾಗಿಯೇ ನಡೆದುವಲ್ಲ, ಅವುಗಳ ಹಿಂದೆ ಸಂಘಟನೆಯಿತ್ತು ಎಂದು 2005ರ ನಾನಾವತಿ ಆಯೋಗದ ವರದಿ ಹೇಳಿತು. ಮುಖ್ಯರ ಅರ್ಧ ಪಾಲಿಗೆ ಕಾನೂನು ಬಹಳ ತಡವಾಗಿ ಕೈಯಿಟ್ಟಿತು. ಪಾಲಮ್ ಬಳಿಯ ರಾಜನಗರದ ಕೊಲೆಗಳಿಗಾಗಿ ಮಾಜಿ ಸಂಸದರೊಬ್ಬರಿಗೆ ದೆಹಲಿ ಉಚ್ಚ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿದ್ದು 2018ರ ಡಿಸೆಂಬರಿನಲ್ಲಿ, 34 ವರ್ಷಗಳ ಅನಂತರ. ಕೊನೆಯ ಕಾಲು ಪಾಲು, ಎಂದರೆ ಮಾಳಿಗೆಯ ಮೇಲೆ ನಿಂತು ಹೊಗೆಯನ್ನು ನೋಡಿದವರ ಪಾಲು, ಯಾವ ನ್ಯಾಯಾಲಯದ ಕಡತದಲ್ಲಿಯೂ ಇಲ್ಲ. ಇರಲೂ ಸಾಧ್ಯವಿಲ್ಲ. ಆ ಪಾಲನ್ನು ಲೆಕ್ಕ ಹಾಕುವವನು ಒಳಗಿರುವ ಸಾಕ್ಷಿಯೊಬ್ಬನೇ.

ಇಲ್ಲಿ ಒಂದು ಶಂಕೆ ಏಳುತ್ತದೆ. ಜೀವನ ಸ್ವರೂಪಯೋಗ್ಯತೆ ಅನಾದಿಯೆಂಬುದು ನಮ್ಮ ಸಿದ್ಧಾಂತ. ಸ್ವಭಾವವು ನಿಶ್ಚಿತವಾಗಿದ್ದರೆ ಸಹವಾಸದಿಂದ ಆಗುವುದೇನು? ಸಹವಾಸವು ಸ್ವಭಾವವನ್ನು ಹುಟ್ಟಿಸದು, ಅಳಿಸದು ಎಂಬುದು ನಿಜ. ಆದರೆ ಅದನ್ನು ಮುಚ್ಚಬಲ್ಲದು. ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಸೂರ್ಯಾಂಶನಾದ ಕರ್ಣನಲ್ಲಿ ಸಹಸ್ರವರ್ಮನೆಂಬ ಅಸುರನ ಆವೇಶವಿತ್ತೆಂದು ತಿಳಿಸುತ್ತಾರೆ. ಒಳ್ಳೆಯ ಜೀವನಿಂದಲೂ ಕೆಟ್ಟ ಮಾತು ಹೊರಡುವುದು ಹೇಗೆಂಬುದಕ್ಕೆ ಇದು ಉತ್ತರ. ಗುಂಪಿನ ಉನ್ಮಾದವನ್ನು ಕಂಡವರಿಗೆ ಆವೇಶವೆಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಲ್ವೆಯ ಮಾತಿನಲ್ಲಿ ಹೇಳುವುದಾದರೆ, ಎಂಜಿನ್ನಿನ ಬಲವು ಎಂಜಿನ್ನಿನದೇ. ಆದರೆ ಅದು ಯಾವ ಹಳಿಗೆ ಹೋಗುವುದೆಂಬುದು ಪಾಯಿಂಟುಗಳನ್ನು ಅವಲಂಬಿಸಿದೆ. ತನ್ನ ಸ್ವರೂಪವೇನೆಂದು ಯಾರಿಗೂ ಪ್ರತ್ಯಕ್ಷವಾಗಿ ತಿಳಿಯದು. ಯಾರ ನಡುವೆ ಕೂರಬೇಕೆಂಬುದನ್ನು ಮಾತ್ರ ಬಹುಮಟ್ಟಿಗೆ ನಾವೇ ಆರಿಸಿಕೊಳ್ಳಬಹುದು.

ಆರಿಸುವುದರಲ್ಲಿಯೂ ತಾರತಮ್ಯವುಂಟು. ವಿಕರ್ಣನು ನುಡಿದನು, ಆದರೆ ಗುಂಪನ್ನು ಬಿಡಲಿಲ್ಲ; ಯುದ್ಧದಲ್ಲಿ ಅಣ್ಣನ ಪಕ್ಷದಲ್ಲಿಯೇ ನಿಂತು ಭೀಮನ ಕೈಯಲ್ಲಿ ಮಡಿದನು. ಕೊಂದ ಭೀಮನೇ ಮರುಗಿದನು. ಭೀಷ್ಮನು ಕುರುಕ್ಷೇತ್ರದಲ್ಲಿ ಯುಧಿಷ್ಠಿರನೊಡನೆ, ತಾನು ಅರ್ಥದಿಂದ ಕೌರವರಿಗೆ ಬದ್ಧನಾದವನೆಂದು ಹೇಳಿಕೊಂಡನು. ವಿದುರನು ಬಿಲ್ಲನ್ನು ಬಾಗಿಲಲ್ಲಿ ಇಟ್ಟು ಹೊರಟುಹೋದನೆಂದು ಭಾಗವತ ಹೇಳುತ್ತದೆ. ಧೃತರಾಷ್ಟ್ರನ ಮತ್ತೊಬ್ಬ ಮಗ ಯುಯುತ್ಸುವು, ನಮ್ಮ ಕಡೆಗೆ ಬರುವವರಿದ್ದರೆ ಬರಲಿ ಎಂದು ಯುಧಿಷ್ಠಿರನು ಕರೆದಾಗ ಎರಡೂ ಸೇನೆಗಳ ಕಣ್ಣೆದುರಿನಲ್ಲಿಯೇ ದಾಟಿ ಬಂದನು. ಮುಂದೆ ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟಾಗ ರಾಜ್ಯದ ರಕ್ಷಣೆಯನ್ನು ವಹಿಸಿದ್ದು ಅವನಿಗೇ.

ಇಂದಿನ ನಮ್ಮ ಸಭೆಗಳು ಚಿಕ್ಕವು. ಬಹುಮಹಡಿ ವಸತಿಗಳ ಸಂಘದ ಸಭೆಯಲ್ಲಿ ಮನೆಗೆಲಸದವರು ಬೇರೆಯ ಲಿಫ್ಟಿನಲ್ಲಿ ಓಡಾಡಬೇಕೆಂಬ ನಿರ್ಣಯವು ಬರುತ್ತದೆ. ಸರಿಯಲ್ಲವೆಂದು ಹತ್ತು ಮಂದಿಗಾದರೂ ಅನಿಸುತ್ತದೆ. ಚಹಾ ಆರುವ ಮೊದಲೇ ನಿರ್ಣಯವು ಸರ್ವಾನುಮತದಿಂದ ಅಂಗೀಕೃತವಾಗುತ್ತದೆ. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ಒಂದು ಸಮುದಾಯವನ್ನು ಕುರಿತು ಹೀನವಾದ ಮಾತನ್ನು ಹರಿಯಬಿಡುತ್ತಾರೆ. ಹಿರಿಯರಿಗೆ ಬೇಸರವಾದೀತೆಂದು ಎಲ್ಲರೂ ಸುಮ್ಮನಿರುತ್ತಾರೆ. ಅದೇ ಗುಂಪಿನಲ್ಲಿರುವ ಹದಿನೈದು ವರ್ಷದ ಮಗುವು, ನಮ್ಮ ಮನೆಯವರ ಅಭಿಪ್ರಾಯವೇ ಇದು ಎಂದು ಕಲಿಯುತ್ತದೆ. ಮುಚ್ಚಿದ ಲೆವೆಲ್ ಕ್ರಾಸಿಂಗಿನ ಗೇಟಿನಡಿ ಒಬ್ಬನು ಸೈಕಲ್ಲನ್ನು ಬಾಗಿಸಿ ನುಗ್ಗಿದರೆ ಹತ್ತು ಮಂದಿ ಹಿಂಬಾಲಿಸುತ್ತಾರೆ. ಮೊದಲನೆಯವನು ನಿಂತರೆ ಬಹಳ ಮಂದಿ ನಿಲ್ಲುತ್ತಾರೆ.

ಒಬ್ಬೊಬ್ಬರ ಧೈರ್ಯವನ್ನೇ ನಂಬಿ ಕೂರುವುದೂ ಜಾಣತನವಲ್ಲ. ಪಾಯಿಂಟು ಸರಿಯಾಗಿ ಕೂಡಿ ಬೀಗ ಬೀಳದ ಹೊರತು ಸಿಗ್ನಲ್ ಹಸಿರಾಗದಂತೆ ರೈಲ್ವೆಯಲ್ಲಿ ಏರ್ಪಾಡಿದೆ. ಎಚ್ಚರ ತಪ್ಪಿದವನ ಕೈಯಿಂದಲೂ ಅನರ್ಥವಾಗಬಾರದೆಂಬುದು ಅದರ ತತ್ತ್ವ. ಬಸ್ ನಿಲ್ದಾಣದಲ್ಲಿ ನೂಕಾಡುವ ದೆಹಲಿಯವನೇ, 2002ರ ಡಿಸೆಂಬರಿನಲ್ಲಿ ಆರಂಭವಾದ ಮೆಟ್ರೋದಲ್ಲಿ ಹಳದಿ ಗೆರೆಯ ಹಿಂದೆ ನಿಲ್ಲಲು ಕಲಿತನು. ರಸ್ತೆಯಲ್ಲಿ ಗಾಯಗೊಂಡು ಬಿದ್ದವರನ್ನು ಪೊಲೀಸರ ಭಯದಿಂದ ಯಾರೂ ಮುಟ್ಟುವುದಿಲ್ಲವೆಂದು ತಿಳಿದು, 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೆರವಾಗುವವರ ರಕ್ಷಣೆಯ ನಿಯಮಗಳಿಗೆ ಬಲ ನೀಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಲ್ಲಿ ಆ ರಕ್ಷಣೆ ಸೇರಿತು. ಒಳ್ಳೆಯದನ್ನು ಸುಲಭವಾಗಿಸುವ ಏರ್ಪಾಡೂ ಒಂದು ಧರ್ಮಕಾರ್ಯವೇ. ಮನೆಯಲ್ಲಿ ಕಿರಿಯರು ಹಿರಿಯರೆದುರು ಭಿನ್ನಾಭಿಪ್ರಾಯವನ್ನು ವಿನಯದಿಂದ ಹೇಳಲು ಅವಕಾಶವಿರುವುದು ಅಂಥ ಒಂದು ಏರ್ಪಾಡು. ಅಲ್ಲಿ ಅಭ್ಯಾಸವಾಗದ ಕಂಠವು ಹೊರಗಿನ ಸಭೆಯಲ್ಲಿ ಏಳಲಾರದು.

ಪರಿಸ್ಥಿತಿಯು ನಮ್ಮನ್ನು ತಳ್ಳುತ್ತದೆ. ತಳ್ಳಿದ ಮಾತ್ರಕ್ಕೆ ನಮ್ಮ ಪಾಲು ತೀರುವುದಿಲ್ಲ. ನಾವು ಕೂಡ ಉಳಿದವರ ಪಾಲಿಗೆ ಪರಿಸ್ಥಿತಿಯ ಒಂದು ಭಾಗವಾಗಿದ್ದೇವೆ. ನಮ್ಮ ಮೌನವನ್ನು ನೋಡಿ ಪಕ್ಕದವನು ಸುಮ್ಮನಾಗುತ್ತಾನೆ, ನಮ್ಮ ಒಂದು ಮಾತನ್ನು ಕೇಳಿ ಬಾಯಿ ತೆರೆಯುತ್ತಾನೆ. ಮುಂದಿನ ಸಭೆಗೆ ಹೋಗುವಾಗ ಕಶ್ಯಪರ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡು ಹೋಗುವುದು ಒಳಿತು.

॥ ಶ್ರೀಕೃಷ್ಣಾರ್ಪಣಮಸ್ತು ॥