ವರ್ಣರಹಿತವಾದುದರ ಶುದ್ಧಿ

ಬೆಂಗಳೂರಿನ ಗಿರಿನಗರದ ರಾಮಾಶ್ರಮದ ಮುಂದೆ ಸಂಜೆ ಹಾದುಹೋಗುವಾಗಲೆಲ್ಲ ಅಗ್ನಿಯನ್ನು ಕುರಿತ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ: ಇಂಧನದ ಶುದ್ಧಿಯು ಅದರ ಸ್ವರೂಪದಲ್ಲಿದೆಯೋ, ಅದು ಹುಟ್ಟಿಬಂದ ಮಾರ್ಗದಲ್ಲಿದೆಯೋ?

ಜಲಜನಕವು ವರ್ಣರಹಿತವಾದ ಅನಿಲ. ನೈಸರ್ಗಿಕ ಅನಿಲದಿಂದ ತೆಗೆದರೂ, ಸೌರವಿದ್ಯುತ್ತಿನಿಂದ ನೀರನ್ನು ಒಡೆದು ಪಡೆದರೂ, ಉರಿದಾಗ ಅದು ನೀರಾವಿಯೇ ಆಗುವುದು. ಆದರೆ ಮೊದಲನೆಯದರ ಪ್ರತಿ ಕಿಲೋಗ್ರಾಮಿನ ಬೆನ್ನಿಗೆ ಸುಮಾರು 9 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಅಂಟಿಕೊಂಡಿರುವುದರಿಂದ, ಹನ್ನೆರಡು ತಿಂಗಳ ಸರಾಸರಿಯಲ್ಲಿ ಆ ಭಾರವು 2 ಕಿಲೋಗ್ರಾಮನ್ನು ಮೀರದಿದ್ದರೆ ಮಾತ್ರ 'ಹಸಿರು' ಎಂಬ ನಾಮಧೇಯವು ಸಲ್ಲುವುದೆಂದು ಭಾರತ ಸರ್ಕಾರವು 2023ರ ಆಗಸ್ಟಿನಲ್ಲಿ ವಿಧಿಸಿತು.

ಈ ವಿಧಿಯಲ್ಲಿ ಪ್ರಾಚೀನವಾದೊಂದು ವಿವೇಕವಿದೆ. ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜರು ಛಾಂದೋಗ್ಯೋಪನಿಷತ್ತಿನ ಆಹಾರಶುದ್ಧಿಯನ್ನು ವಿವರಿಸುತ್ತ, ಅನ್ನವು ಜಾತಿ (ಪದಾರ್ಥದ ಸ್ವಭಾವ), ಆಶ್ರಯ (ಅದು ಬಂದ ವ್ಯಕ್ತಿ), ನಿಮಿತ್ತ (ಅದಕ್ಕೆ ಬೆರೆತ ಕಲ್ಮಶ) ಎಂಬ ಮೂರು ದೋಷಗಳಿಂದಲೂ ಮುಕ್ತವಾಗಿರಬೇಕೆಂದರು. ಪದಾರ್ಥವಷ್ಟೇ ಅಲ್ಲ, ಅದರ ಮೂಲವೂ ಗಣನೀಯವೆಂಬುದು ಇದರ ತಾತ್ಪರ್ಯ. ಮನುಷ್ಯರ ಮೇಲೆ ಪ್ರಯೋಗಿಸಿದಾಗ ಮಡಿಯ ಕ್ರೌರ್ಯವಾಗಿ ಪರಿಣಮಿಸಿದ ಈ ತತ್ತ್ವವು ಹೊಗೆಯ ಮೇಲೆ ಪ್ರಯೋಗಿಸಿದಾಗ ನ್ಯಾಯವಾಗುವುದು.

ಆದರೆ ಶುದ್ಧಿಗೆ ಬೆಲೆಯುಂಟು. ಹಸಿರು ಜಲಜನಕವು ಇನ್ನೂ ತುಟ್ಟಿಯಾಗಿರುವುದರಿಂದಲೇ ಅದರ ರಾಷ್ಟ್ರೀಯ ಮಿಷನ್ನಿಗೆ 19,744 ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಯಿತು. ಬೆಲೆಯು ಹಣದಲ್ಲಷ್ಟೇ ಅಲ್ಲ: ನೀರನ್ನು ಒಡೆದು ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯಲು ಕನಿಷ್ಠ 9 ಲೀಟರ್ ನೀರು ಬೇಕು. ದೂರದ ಕಾವೇರಿಯನ್ನು ಎತ್ತಿ ತಂದು ಕುಡಿಯುವ ನಮ್ಮ ನಗರಕ್ಕೆ ಆ ಲೆಕ್ಕದ ಅರ್ಥವನ್ನು ಹೇಳಿಕೊಡಬೇಕಿಲ್ಲ. ನೀರನ್ನು ಒಡೆಯುವುದೊಂದೇ ದಾರಿಯಲ್ಲ; ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯು ಒಂದು ಕಿಲೋಗ್ರಾಂ ಜೀವರಾಶಿಯಿಂದ (ಬಯೋಮಾಸ್) 100 ಗ್ರಾಂ ಜಲಜನಕವನ್ನು ಪಡೆಯುವ ದಾರಿಯನ್ನೂ ತೋರಿದೆ.

ನಿಯಮವು ಇಂಗಾಲವನ್ನು ತೂಗಬಲ್ಲುದು. ಈ ಶುದ್ಧಿಗಾಗಿ ಯಾರ ಕೊಡ ಬರಿದಾಯಿತೆಂಬುದನ್ನು ತೂಗಬೇಕಾದುದು ಧರ್ಮಬುದ್ಧಿಯೇ.