ಇಳಿಜಾರಿನ ಮರ, ಐದು ಕಾರಣಗಳು

ಒಂದು ಮರ ಮುಗಿಲೆತ್ತರ ಬೆಳೆದು ಪಕ್ಕದ್ದು ಕುಳ್ಳಾಗಿಯೇ ಉಳಿದರೆ ಅದಕ್ಕೆ ಹೊಣೆ ಯಾರು? ಮರವನ್ನು ಜೀವವೆಂದೇ ಎಣಿಸದ ದರ್ಶನಗಳಿಗೆ ಈ ಪ್ರಶ್ನೆ ಏಳುವುದಿಲ್ಲ. ಜೈನರಿಗೆ ಏಳುತ್ತದೆ. ಅವರ ಲೆಕ್ಕದಲ್ಲಿ ಮರ ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯ ಜೀವ. ತನ್ನ ಕರ್ಮವನ್ನು ತಾನೇ ಹೊತ್ತು ನಿಂತದ್ದು. ಕಾಲ, ಸ್ವಭಾವ, ನಿಯತಿ, ಪೂರ್ವಕರ್ಮ, ಪುರುಷಪ್ರಯತ್ನ ಈ ಐದರಲ್ಲಿ ಯಾವುದೋ ಒಂದನ್ನೇ ಕಾರಣವೆಂದು ಹಟ ಹಿಡಿಯುವುದು ಮಿಥ್ಯಾತ್ವ ಎಂಬುದು ಸಿದ್ಧಸೇನ ದಿವಾಕರನ ‘ಸನ್ಮತಿತರ್ಕ’ದ ನಿಲುವು. ಹಾರಂಗಿ ಹರಿಯುವ ಉತ್ತರ ಕೊಡಗಿಗೆ ಈ ಚಿಂತನೆ ಹೊರಗಿನದಲ್ಲ. 11ನೇ ಶತಮಾನದಲ್ಲಿ ಇಲ್ಲಿ ಆಳಿದ ಕೊಂಗಾಳ್ವರು ಜೈನರು. ಮುಳ್ಳೂರಿನ ಬಸದಿಗಳು ಅವರ ಕಾಲದವು.

ಪುಷ್ಪಗಿರಿ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕಿಳಿಯುವ ಹಾರಂಗಿ, ಹುದುಗೂರಿನ ಅಣೆಕಟ್ಟೆ ದಾಟಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಕುಶಾಲನಗರದ ಕಡೆ ಬರುವಷ್ಟರಲ್ಲಿ ಮುಂಗಾರಿನ ಬಿರುಸು ಇಳಿದಿರುತ್ತದೆ. ಅಲ್ಲಿನ ತೇಗ, ಮತ್ತಿ, ಹೊನ್ನೆ ಬೇಸಿಗೆಗೆ ಎಲೆ ಉದುರಿಸುತ್ತವೆ, ಬಿಸಿಲು ನೆಲ ಮುಟ್ಟುತ್ತದೆ. ಪೈಪೋಟಿ ಹೆಚ್ಚಾಗಿ ನೀರಿಗೆ. ಬೆಟ್ಟದಾಚೆ, ಪಶ್ಚಿಮದ ನಿತ್ಯಹರಿದ್ವರ್ಣ ಕಾಡಿನಲ್ಲಿ ಬೆಳಕೇ ದುಬಾರಿ.

ಆ ಮಗ್ಗುಲಿನ ಕಡಮಕಲ್ ಮೀಸಲು ಅರಣ್ಯದ ಉಪ್ಪಂಗಳದಲ್ಲಿ ವರ್ಷಕ್ಕೆ ಸುಮಾರು 5,000 ಮಿ.ಮೀ. ಮಳೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ 1990ರ ಆಸುಪಾಸಿನಿಂದ ಅಲ್ಲಿ ಗುರುತು ಹಾಕಿದ ಮರಗಳ ಸುತ್ತಳತೆ ತೆಗೆಯುತ್ತ ಬಂದಿದೆ. ಬೆಳಕಿನ ಪೈಪೋಟಿ ಏಕಮುಖವಾದದ್ದು: ಮೇಲೆ ಹರಡಿದ ಧೂಪದ ಮರ ಕೆಳಗಿನ ರಾಮಪತ್ರೆಯ ಬಿಸಿಲನ್ನು ಕಸಿಯುತ್ತದೆ, ರಾಮಪತ್ರೆ ತಿರುಗಿ ಏನನ್ನೂ ಕಸಿಯಲಾರದು. ಇಳಿಜಾರಿನಲ್ಲಿ ಈ ಲೆಕ್ಕ ಓರೆಯಾಗುತ್ತದೆ. ಕೆಳಬದಿಯ ನೆರೆಮರದ ಬುಡವೇ ತಗ್ಗಿನಲ್ಲಿರುವುದರಿಂದ ಬೆಳಕು ಆ ಕಡೆಯಿಂದ ಹೆಚ್ಚು ಬರುತ್ತದೆ. ಮರ ಅತ್ತಲೇ ಕೊಂಬೆ ಚಾಚುತ್ತದೆ. ವರ್ಷ ಕಳೆದಂತೆ ನೆತ್ತಿಯ ಭಾರವೆಲ್ಲ ಒಂದೇ ಬದಿಗೆ. ಮಳೆಗಾಲದಲ್ಲಿ ಮಣ್ಣು ಸಡಿಲಗೊಂಡಾಗ ಅದು ಕಣಿವೆಯತ್ತ ಉರುಳುತ್ತದೆ, ಕೆಳಗಿನವನ್ನೂ ಮುರಿದುಕೊಂಡು. ಕಡಿದಾದ ಜಾಗಗಳಲ್ಲಿ ಹಳೆಯ ದೈತ್ಯಮರಗಳು ಕಡಿಮೆ, ಸಣ್ಣ ಮರಗಳು ದಟ್ಟ ಎಂಬುದಕ್ಕೆ ಇದೊಂದು ಕಾರಣ.

ಐದು ಕಾರಣಗಳಲ್ಲಿ ನಾಲ್ಕು ಇಲ್ಲಿಗೆ ಸಲೀಸಾಗಿ ಹೊಂದುತ್ತವೆ. ಮೇಲಿನ ಮರ ಬೀಳುವ ಗಳಿಗೆ ಕಾಲ. ನೆರಳು ತಾಳಿಕೊಳ್ಳುವುದು ಸ್ವಭಾವ. ಬೀಜ ಇಂಥ ಓರೆಯಲ್ಲೇ ಬಿದ್ದದ್ದು ನಿಯತಿ, ಶ್ರದ್ಧೆಯುಳ್ಳವರು ಪೂರ್ವಕರ್ಮವೆಂದಾರು. ತೊಡಕಿರುವುದು ಪ್ರಯತ್ನದಲ್ಲಿ. ಬೆಳಕಿನತ್ತ ಚಾಚುವುದನ್ನು ಬಿಟ್ಟರೆ ಮರದ ಕೈಲಾಗುವುದು ಹೆಚ್ಚೇನಿಲ್ಲ. ಅದನ್ನು ಬದುಕಿಸುವುದೂ ಕೊನೆಗೆ ಕೆಡಹುವುದೂ ಆ ಚಾಚುವಿಕೆಯೇ. ಗೆದ್ದವನ ಪ್ರಯತ್ನ ಸರಿ, ಸೋತವನದು ಸಾಲದು ಎಂಬ ಲೋಕದ ಅಳತೆಗೋಲು ಇಲ್ಲಿ ಕೆಲಸಕ್ಕೆ ಬಾರದು.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಯ್ಯಪ್ಪನ ಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ಮರದಡಿ ಸಾಲುಗಟ್ಟಿರುತ್ತವೆ. ಅಲ್ಲಿ ಮರ ಕಡಿಯುವಂತಿಲ್ಲ. ಕಟ್ಟಳೆ ಮನುಷ್ಯನಿಗೆ ಮಾತ್ರ. ದೇವರ ಸೊತ್ತಾದ ಕಾಡಿನಲ್ಲೂ ದೊಡ್ಡದರ ನೆರಳಲ್ಲಿ ಸಸಿಗಳು ಸಾಯುತ್ತಲೇ ಇರುತ್ತವೆ. ಇದು ಹಿಂಸೆಯೇ ಎಂದು ದೇವರಕಾಡಿನ ಕಟ್ಟಳೆ ಕೇಳುವುದಿಲ್ಲ. ಜೈನ ಸಿದ್ಧಾಂತಕ್ಕೆ ಕೇಳದೆ ವಿಧಿಯಿಲ್ಲ, ಅದರ ಉತ್ತರವೂ ಸರಳವಲ್ಲ: ಏಕೇಂದ್ರಿಯ ಜೀವಕ್ಕೂ ಕಷಾಯಗಳು, ಎಂದರೆ ಕ್ರೋಧ-ಲೋಭದಂಥ ಕಲ್ಮಷಗಳು, ಇವೆ, ಹಾಗಾಗಿ ಧೂಪದ ಮರ ಪೂರ್ತಿ ನಿರ್ದೋಷಿಯಲ್ಲ, ಆದರೆ ಅದಕ್ಕೆ ಮನಸ್ಸಿಲ್ಲ, ಹಾಗಾಗಿ ಬೇಕೆಂದೇ ಕತ್ತಿ ಎತ್ತಿದವನ ಸಾಲಿಗೂ ಅದು ಸೇರುವುದಿಲ್ಲ.